ಕಾಲಿನ ಬಾವು ಇಳಿಯಲು ಕಲಿತದ್ದು

ಬೆಟ್ಟಗಳು ಇನ್ನೂ ಹಸಿಮಣ್ಣಿನ ಹಾಗೆ ಮೆತ್ತಗಿದ್ದ ಕಾಲ, ಮಾದೇವಿ. ಎತ್ತ ಹರಿಯಬೇಕು ಅಂತ ಹೊಳೆಗಳಿಗೆ ಗೊತ್ತಿರಲಿಲ್ಲ, ನನ್ನನ್ನೇ ಕೇಳುತ್ತಿದ್ದವು. ಹೌದು, ನಾನಿದ್ದೆ. ನಿಮ್ಮಜ್ಜಿ ಇಲ್ಲ ಅಂತಾಳೆ. ಅವಳಿಗೆ ಮರೆವು.

ಆಗ ಈರಿ ಅಂತ ಒಬ್ಬಳು ಹುಡುಗಿ. ಅವಳ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳಿನ ಬೆನ್ನು ಹತ್ತಿ ಕೀವಿನ ಕಳ್ಳರು ಒಳಗೆ ನುಗ್ಗಿದರು.

ಈರಿಯ ರಕ್ತದ ಹೊಳೆಯಲ್ಲಿ ಕಾವಲುಗಾರರಿದ್ದರು. ಸಾಸಿವೆಗಿಂತ ಸಣ್ಣವರು, ಹುಲಿಗಿಂತ ಸಿಟ್ಟಿನವರು. ಎಲ್ಲರಿಗೂ ನೆಲ ಗುಡಿಸುವ ದಪ್ಪ ನಿಲುವಂಗಿ. ದಬದಬ ಬಡಿದರು. ಕಳ್ಳರೆಲ್ಲ ಸತ್ತರು. ಆದರೂ ದಬದಬ ಬಡಿದರು.

"ನಿಲ್ಲಿಸ್ರೋ! ಈಗ ಬಡೀತಿರೋದು ನಮ್ಮನೆ ಗೋಡೆ!" ಅಂತ ರಕ್ತದ ಹೊಳೆ ಕೂಗಿತು.

ಯಾರು ಕೇಳಬೇಕು? ಸುತ್ತ ಹರಡಿದ ಅಂಗಿ ಅಷ್ಟು ಉದ್ದ, ಅಷ್ಟು ದಪ್ಪ. ಒಬ್ಬನ ಪಕ್ಕ ಇನ್ನೊಬ್ಬ ನಿಲ್ಲಲಾರ, ಕೈಹಿಡಿದು ತಡೆಯಲಾರ. ಈರಿಯ ಕಾಲು ಕುಂಬಳಕಾಯಿಯಾಯಿತು.

"ಅಯ್ಯೋ, ಈ ಮಗು ಇನ್ನು ನಡೆಯಲ್ಲ" ಅಂತ ಗಾಳಿ ಅತ್ತಿತು.

ಈಗ ಕೇಳು. ಒಬ್ಬೊಬ್ಬ ಕಾವಲುಗಾರನ ಹೊಟ್ಟೆಯಲ್ಲೂ ಒಬ್ಬ ದರ್ಜಿ, ಒಬ್ಬಳು ಅಂಟಮ್ಮ. ಅಂಗಿ ಹರಿಯುತ್ತಲೇ ಇರುತ್ತಿತ್ತು, ದರ್ಜಿ ಹೊಸದು ಹೊಲಿಯುತ್ತಲೇ ಇರುತ್ತಿದ್ದ. ಉದ್ದನೆಯ ಬಟ್ಟೆ ಬರುವುದು, ಬೇಡದ್ದು ಕತ್ತರಿಸುವುದು, ಬೇಕಾದ ತುಂಡಿಗೆ ತುಂಡು ಸೇರಿಸುವುದು. ಸೂಜಿಗೆ ದಾರ ಪೋಣಿಸಿಕೊಟ್ಟವನು ನಾನೇ. ಅಂಟಮ್ಮನೋ, ಕೂತರೆ ಅಂಟಿಕೊಳ್ಳುವವಳು.

ಅವತ್ತು ಅವಳು ಬಟ್ಟೆಯ ನಡುವೆ ಹೋಗಿ ಕೂತುಬಿಟ್ಟಳು.

"ಏಳಮ್ಮ, ಕತ್ತರಿ ತಗಲೀತು" ಅಂದ ದರ್ಜಿ.

"ಏಳಲ್ಲ. ನಾನು ಕೂತ ತುಂಡನ್ನ ಬಿಟ್ಟು ಹೊಲಿ."

"ನಡುವಿನ ತುಂಡು ಬಿಟ್ಟರೆ ಅಂಗಿ ಮೊಣಕಾಲಿಗೂ ಬರಲ್ಲ! ಊರೆಲ್ಲ ನಗುತ್ತೆ!"

"ನಗಲಿ ಬಿಡಪ್ಪ. ಮಗು ನಡೀಬೇಕಲ್ಲ."

ದರ್ಜಿ ಗೊಣಗಿದ. ಎಳೆದ, ಜಗ್ಗಿದ. ಅಂಟಮ್ಮ ಏಳಲಿಲ್ಲ. ಕೊನೆಗೆ ಮೇಲಿನ ತುಂಡನ್ನು ನೇರ ಕೆಳಗಿನ ತುಂಡಿಗೇ ಸೇರಿಸಿ ಹೊಲಿದ. ಬಟ್ಟೆ ಅದೇ, ಅಂಗಿ ಬೇರೆ! ಎಲ್ಲ ಕಾವಲುಗಾರರ ಹೊಟ್ಟೆಯಲ್ಲೂ ಅವತ್ತು ಇದೇ ಕತೆ.

ತುಂಡಂಗಿ ತೊಟ್ಟ ಕಾವಲುಗಾರರು ಮೊದಲ ಸಲ ಪಕ್ಕಪಕ್ಕ ನಿಂತರು. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ಕೈ ಹಾಕಿದ.

"ಸಾಕು ಕಣೋ, ಕಳ್ಳ ಸತ್ತು ಎಷ್ಟೊತ್ತಾಯ್ತು."

"ಹೌದಲ್ವಾ!"

ಬಡಿತ ನಿಂತಿತು. ಕುಂಬಳಕಾಯಿ ಮೆಲ್ಲಗೆ ಮತ್ತೆ ಕಾಲಾಯಿತು. ಈರಿ ಓಡಿದಳು. ನನ್ನ ಜೊತೆ ಪಂದ್ಯ ಕಟ್ಟಿದಳು; ಗೆದ್ದವನು ನಾನೇ ಅನ್ನು.

ಅದಕ್ಕೇ ಇಂದಿಗೂ ಮುಳ್ಳು ಚುಚ್ಚಿದ ಕಾಲು ಊದುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಮೊನ್ನೆ ಚಪ್ಪಲಿ ಹಿಡಿಸದ ನಿನ್ನ ಕಾಲಿಗೆ ಇವತ್ತು ಚಪ್ಪಲಿ ಬಂತಲ್ಲ ಮಾದೇವಿ, ಒಳಗೆ ಅಂಟಮ್ಮ ಕೂತಿದ್ದಾಳೆ.