ದೆವ್ವವಿಲ್ಲದ ದೆವ್ವದ ಸಿನಿಮಾ

ಮುರಿಗೆಪ್ಪ ದೆವ್ವದ ಸಿನಿಮಾ ತೆಗೆಯುತ್ತಿದ್ದ. ಬೇರೆ ನಟರನ್ನು ಕರೆಸುವ ಶಕ್ತಿ ಇರಲಿಲ್ಲ. ಮುಖಕ್ಕೆ ಅಕ್ಕಿಹಿಟ್ಟು ಬಳಿದು, ಅಜ್ಜಿಯ ಬಿಳಿ ಸೀರೆ ಉಟ್ಟು ತಾನೇ ದೆವ್ವವಾಗುತ್ತಿದ್ದ.

ಐದನೇ ಸಿನಿಮಾ ತಂದಾಗ ಟಾಕೀಸಿನ ಮಾಲೀಕ ಚನ್ನವೀರಪ್ಪನವರು ಗದರಿದರು. "ನಿನ್ನ ದೆವ್ವ ಕಂಡ್ರೆ ಜನ ಬಿದ್ದು ಬಿದ್ದು ನಗ್ತಾರೆ. ಅದನ್ನ ಪೂರ್ತಿ ತೆಗೆದುಹಾಕು. ಇಲ್ಲಾಂದ್ರೆ ಈ ಕಡೆ ತಲೆ ಹಾಕಬೇಡ."

"ಆಗಲಿ ಸಾಹುಕಾರ್ರೇ," ಎಂದ ಮುರಿಗೆಪ್ಪ.

ದೆವ್ವ ಕೂರುತ್ತಿದ್ದ ಉಯ್ಯಾಲೆಯನ್ನು ಖಾಲಿ ಬಿಟ್ಟು, ಕಪ್ಪು ದಾರದಿಂದ ಎಳೆದು ತೂಗಿಸಿ, ಮತ್ತೆ ಶೂಟಿಂಗ್ ಮಾಡಿ ತಂದ. ಮಾಲೀಕರು ಒಬ್ಬರೇ ಕೂತು ನೋಡಿದರು. ಉಯ್ಯಾಲೆ ತೂಗಿತು, ಮೇಲೆ ಯಾರೂ ಇಲ್ಲ. ಬಳೆ ಸದ್ದಾಯಿತು, ತೊಟ್ಟವರಿಲ್ಲ. ಅವರು ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಅರ್ಧದಲ್ಲೇ ಸಿನಿಮಾ ನಿಲ್ಲಿಸಲು ಹೇಳಿದರು.

"ಶುಕ್ರವಾರದಿಂದ ನಾಲ್ಕೂ ಆಟ ನಿನ್ನದೇ," ಎಂದರು ಬೆವರು ಒರೆಸಿಕೊಳ್ಳುತ್ತಾ. "ಆದ್ರೆ ನನಗೆ ಉಳಿದ ಅರ್ಧ ತೋರಿಸುವಾಗ ಆ ದೆವ್ವಾನ ವಾಪಸ್ ಹಾಕು ಮಾರಾಯ. ನಿನ್ನ ಮುಖ ಕಂಡ್ರೆ ಸ್ವಲ್ಪ ಧೈರ್ಯ ಬರುತ್ತೆ."