ನೀಲಗಂಗವ್ವ ಮುಚ್ಚಿಟ್ಟ ಟೂಲ್‌ಬಾರುಗಳು

ಬಸ್ ನಿಲ್ದಾಣವೊಂದರಲ್ಲಿ ನೀಲಗಂಗವ್ವ ಎಂಬಾಕೆ ಬಸ್ಸುಗಳ ಹೆಸರು ಕೂಗುವ ಕೆಲಸಕ್ಕಿದ್ದಳು. ಕೂಗುವುದೆಂದರೆ ಗಂಟಲು ಹರಿದುಕೊಳ್ಳುವುದಲ್ಲ. ಎಂಬತ್ತಮೂರು ಊರುಗಳ ಹೆಸರನ್ನು ತನ್ನ ದನಿಯಲ್ಲೇ ಹೇಳಿ ಕಂಪ್ಯೂಟರಿಗೆ ತುಂಬಿದ್ದಳು. ಊರಿಗೊಂದು ಫೈಲು. ಬಸ್ಸು ಬಂದು ಅಂಕಣದಲ್ಲಿ ನಿಂತ ಕೂಡಲೇ ಆ ಊರಿನ ಫೈಲು ಹುಡುಕಿ ಎರಡು ಸಲ ಒತ್ತಬೇಕು, ಹೊರಗೆ ಸ್ಪೀಕರಿನಲ್ಲಿ ಅವಳ ದನಿ ಕೇಳಬೇಕು. ಬಸ್ಸು ನಿಲ್ಲುವುದು ಎರಡೇ ನಿಮಿಷ.

ಹೇಳಲಿಕ್ಕೆ ಸುಲಭ, ಕುಳಿತು ಮಾಡಿದವರಿಗೇ ಗೊತ್ತು ಪಾಡು. ಅವಳಿಗೆ ಐವತ್ತು ದಾಟಿತ್ತು, ಅಕ್ಷರ ದೊಡ್ಡದು ಮಾಡಿಕೊಂಡಿದ್ದಳು. ಆದರೆ ಫೈಲು ತೋರಿಸುವ ಆ ಪರದೆಯ ತುಂಬ ಬೇಡದ ಸಾಮಾನು. ಮೇಲೆ ಟೂಲ್‌ಬಾರ್ ಎನ್ನುವ ಬಟನ್ನುಗಳ ಎರಡು ಸಾಲು, ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ಇದು ಸಾಲದು ಎಂದು ಕೆಳಗೆ ಇನ್ನೊಂದು. ನಡುವೆ ಉಳಿದ ಜಾಗದಲ್ಲಿ ಕಾಣುತ್ತಿದ್ದದ್ದು ಐದೇ ಊರು. ಉಳಿದ ಎಪ್ಪತ್ತೆಂಟು ಊರುಗಳನ್ನು ಕೆಳಗೆ ಜಗ್ಗಿ ಜಗ್ಗಿ ಹುಡುಕಬೇಕಿತ್ತು.

ಬಸುರಿ ಮಗಳ ಕುಬುಸಕ್ಕೆಂದು ನೀಲಗಂಗವ್ವ ಮೂರು ದಿನ ರಜೆ ಹಾಕಿದಳು. ಅವಳ ಕುರ್ಚಿಯಲ್ಲಿ ನಿಲ್ದಾಣದ ಕಂಟ್ರೋಲರ್ ಗುಡಿಸಾಗರ ಕುಳಿತರು. ಮೊದಲ ದಿನವೇ ಹಿರೇಬಾಸೂರಿನ ಬಸ್ಸು ಬಂದಾಗ ಅವರು ಫೈಲನ್ನು ಹುಡುಕಿ ಹಿಡಿದರು, ಆಮೇಲೆ ಮೇಲಿನ ಸಾಲಿನಲ್ಲಿ ಯಾವುದೋ ಬಟನ್ ಒತ್ತಿದರು. ಅದು ಡಿಲೀಟ್ ಬಟನ್. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು. ಕೂಗಲೇ ಎಂದು ಅಪ್ಪಣೆ ಕೇಳುತ್ತಿದೆ ಅಂದುಕೊಂಡು ಇವರು ಠೀವಿಯಿಂದ ಹೌದು ಎಂದು ಒತ್ತಿದರು. ಊರೇ ಮಾಯ. ಸ್ಪೀಕರ್ ಬಾಯಿ ಬಿಡಲಿಲ್ಲ. ಗುಡಿಸಾಗರರೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ನೀಲಗಂಗವ್ವ ತಿರುಗಿ ಬಂದ ಗುರುವಾರ, ಹಗ್ಗದ ಮಂಚ, ಅಂದರೆ ಹೊರಸು, ಹೆಣೆಯುವ ಮಾಬುಸಾಬ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತ. ಎರಡೂ ಕಣ್ಣಿಲ್ಲದ ಮನುಷ್ಯ. ಬುಧವಾರ ಬುಧವಾರ ಹಿರೇಬಾಸೂರಿಗೆ ಹೋಗಿ ಹೊರಸು ಹೆಣೆದು ಬರುವುದೇ ಅವನ ಹೊಟ್ಟೆಪಾಡು.

"ನಿನ್ನೆ ನೀ ನನ್ನ ಕರೀಲೇ ಇಲ್ಲವ್ವಾ. ಹೊತ್ತು ಮುಳುಗೂ ಮಟ ಬೆಂಚಿನ ಮ್ಯಾಲ ಕುಂತಿದ್ದೆ," ಅಂದ.

ಅವನು ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಹುಡುಕಿದಳು. ಹಿರೇಬಾಸೂರು ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಊರಿಗೆ ಊರನ್ನೇ ಕಸಕ್ಕೆ ಹಾಕಿದ್ದಾರಲ್ಲ ಎಂದುಕೊಂಡಳು. ಅದನ್ನು ಎತ್ತಿ ಸ್ವಸ್ಥಾನಕ್ಕೆ ಇಟ್ಟಳು. ಆಮೇಲೆ 'ವ್ಯೂ' ಎಂಬಲ್ಲಿ ಹೋಗಿ ಒಂದೊಂದೇ ಟಿಕ್ ತೆಗೆದಳು. ಬಟನ್ನುಗಳ ಎರಡೂ ಸಾಲು ಹೋದವು, ಎಡಬಲದ ಪಟ್ಟಿಗಳು ಹೋದವು, ಕೆಳಗಿನದೂ ಹೋಯಿತು. ಪರದೆಯ ತುಂಬ ಬರೀ ಊರುಗಳು, ಒಂದೇ ನೋಟಕ್ಕೆ ಮೂವತ್ತು.

ಗುಡಿಸಾಗರರಿಗೆ ಇದು ಸರಿಬರಲಿಲ್ಲ. ಮೇಲಿನವರು ಕೊಟ್ಟದ್ದು ಕೊಟ್ಟ ಹಾಗೇ ಇರಬೇಕು ಎನ್ನುವ ಜೀವ ಅದು. ಮೂರು ವರ್ಷದಿಂದ ಆಯುಧಪೂಜೆಯ ಕುಂಕುಮ ಬಿದ್ದು ಬಿದ್ದು ಕೆಂಪಾಗಿದ್ದರೂ ಕೀಬೋರ್ಡಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಬಿಟ್ಟಿರಲಿಲ್ಲ.

"ಏನ್ರೀ ಅಕ್ಕಾರ, ಕಂಪ್ಯೂಟರ್ ಬೋಳು ಮಾಡಿ ಇಟ್ಟೀರಲ್ಲ?"

"ಬ್ಯಾಡಾದ್ದು ಮುಚ್ಚಿಟ್ಟೀನ್ರಿ. ಕಿತ್ತು ಒಗದಿಲ್ಲ. ಟಿಕ್ ಹಾಕಿದ್ರ ಎಲ್ಲಾ ತಿರುಗಿ ಬರ್ತಾವ."

"ಹಂಗಾದ್ರ ಹಾಕ್ರಿ. ಬುಧವಾರ ದೊಡ್ಡ ಸಾಹೇಬ್ರು ತಪಾಸಣೆಗೆ ಬರಾವ್ರು ಅದಾರ."

"ಒಂದೊಂದು ಬಟನ್ ತೋರಿಸಿ ಅದರ ಕೆಲಸ ಏನಂತ ಹೇಳ್ರಿ. ಬಸ್ ಕೂಗಾಕ ಬೇಕಾದ್ದು ಒಂದು ಇದ್ರೂ ಸಾಕು, ಎಲ್ಲಾ ಹಾಕ್ತೀನಿ."

ಗುಡಿಸಾಗರ ಕೆಮ್ಮಿದರು. ಕೆಮ್ಮಿಗೆ ಸಿಟ್ಟೂ ಸೇರಿಕೊಂಡಿತು. "ನಿಮ್ಮನ್ನ ಲಗೇಜ್ ಕೋಣೆಗೆ ಹಾಕಬೇಕಾಗ್ತೈತಿ, ನೋಡ್ರಿ ಮತ್ತ."

"ಹಾಕ್ರಿ. ನಾ ಈ ಕುರ್ಚಿ ಮ್ಯಾಲ ಇರೂ ಮಟ ಇದು ಹಿಂಗ ಇರ್ತೈತಿ. ಕಸದ ಬುಟ್ಟ್ಯಾಗ ಊರು ಒಗದವ್ರು ಯಾರಂತ ನಾ ಕೇಳಿಲ್ಲ. ಕೇಳಸಬ್ಯಾಡ್ರಿ."

ಬುಧವಾರ ಬಂತು. ನೀಲಗಂಗವ್ವ ಚಹಾ ಕುಡಿದು ಬರುವಷ್ಟರಲ್ಲಿ ಯಾರನ್ನೋ ಕರೆಸಿ ಗುಡಿಸಾಗರ ಎಲ್ಲ ಟಿಕ್ಕನ್ನೂ ಹಾಕಿಸಿದ್ದರು. ದೊಡ್ಡ ಸಾಹೇಬರೂ ಬಂದು ನಿಂತಿದ್ದರು. ಅವಳು ಕುರ್ಚಿಯಲ್ಲಿ ಕುಳಿತು ಮೌಸಿಗೆ ಕೈ ಹಾಕಿ ಟಿಕ್ ತೆಗೆಯಲು ಹೊರಟಳು.

"ಯಾಕ ತಗೀತೀರಿ? ಎಲ್ಲಾ ನಿಲ್ದಾಣದಾಗೂ ಹಿಂಗ ಐತಿ," ಅಂದರು ಸಾಹೇಬರು.

ಅಷ್ಟರಲ್ಲಿ ಕಿಟಕಿಯಾಚೆ ಮೂರನೇ ಅಂಕಣಕ್ಕೆ ಹಿರೇಬಾಸೂರಿನ ಬಸ್ಸು ಬಂದು ನಿಂತಿತು. ಬೆಂಚಿನ ಮೇಲೆ ಮಾಬುಸಾಬ ಸ್ಪೀಕರಿನ ಕಡೆ ಕಿವಿ ಕೊಟ್ಟು ಕುಳಿತಿದ್ದ. ನೀಲಗಂಗವ್ವ ಕುರ್ಚಿ ಬಿಟ್ಟು ಎದ್ದಳು.

"ಹಿರೇಬಾಸೂರು ಬಂದೈತ್ರಿ ಸಾಹೇಬ್ರ. ನೀವ ಕುಂದ್ರಿ, ನೀವ ಕೂಗ್ರಿ."

ಗುಡಿಸಾಗರರ ಮುಖ ಕಪ್ಪಿಟ್ಟಿತು. ಆದರೆ ಸಾಹೇಬರು ಪಂಥಕ್ಕೆ ಬಿದ್ದವರ ಹಾಗೆ ಕುಳಿತೇಬಿಟ್ಟರು. ಐದು ಊರು ಕಂಡವು, ಅದರಲ್ಲಿ ಹಿರೇಬಾಸೂರು ಇಲ್ಲ. ಕೆಳಗೆ ಜಗ್ಗಿದರು, ಹಿಂದಕ್ಕೆ ಜಗ್ಗಿದರು. ಅವಸರದಲ್ಲಿ ಎಡಗಡೆಯ ಪಟ್ಟಿಯನ್ನು ಒತ್ತಿದರು. ಊರುಗಳೆಲ್ಲ ಹೋಗಿ ಬೇರೇನೋ ಬಂದು ಕುಳಿತಿತು. ಹೊರಗೆ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿಯತೊಡಗಿತು.

ಇನ್ನು ಅವಳಿಂದ ತಡೆಯಲಾಗಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದಳು.

"ಹಿರೇಬಾಸೂರು, ಮೂರನೇ ಅಂಕಣ! ಮಾಬುಸಾಬ್ ಕಾಕಾ, ಏಳ್ರಿ! ಏ ಕಂಡಕ್ಟರ್, ನಿಂದ್ರಸೋ!"

ಬಸ್ಸು ನಿಂತಿತು. ಯಾರೋ ಮಾಬುಸಾಬನ ಕೈ ಹಿಡಿದು ಹತ್ತಿಸಿದರು. ಗಂಟು ಹೊತ್ತ ಇಬ್ಬರು ಹೆಂಗಸರೂ ಓಡಿ ಹತ್ತಿದರು. ಬೋರ್ಡು ಓದಲು ಬಾರದವರು ಅವರೂ.

ನೀಲಗಂಗವ್ವ ಏದುಸಿರು ಬಿಡುತ್ತ ತಿರುಗಿದಳು. "ಇವತ್ತು ನನ್ನ ಗಂಟಲು ಇತ್ತು, ನಡೀತು. ನಾಳೆ ಲಗೇಜ್ ಕೋಣ್ಯಾಗ ಕುಂತು ಕೂಗಿದ್ರ ಆ ಮುದುಕಗ ಕೇಳೂದಿಲ್ರಿ."

ಸಾಹೇಬರು ಮತ್ತೆ ಪರದೆಯ ಕಡೆ ತಿರುಗಿದರು. ಆಮೇಲೆ, "ಆ ಟಿಕ್ ಎಲ್ಲಿ ಐತಿ, ತೋರಿಸ್ರಿ," ಅಂದರು. ಅವಳು ತೋರಿಸಿದ ಹಾಗೆ ತಾವೇ ಒಂದೊಂದಾಗಿ ತೆಗೆದರು. ಕೊನೆಯದೊಂದು ಉಳಿದಾಗ ಗುಡಿಸಾಗರರ ಕಡೆ ತಿರುಗಿ, "ಇದು ಎದಕ್ಕ ಐತ್ರಿ?" ಎಂದು ಕೇಳಿದರು.

"ನನಗೂ ಗೊತ್ತಿಲ್ರಿ ಸಾಹೇಬ್ರ," ಅಂದರು ಗುಡಿಸಾಗರ. ಆ ಕುರ್ಚಿಯ ಹತ್ತಿರ ಅವರು ಆಡಿದ ಮೊದಲ ನಿಜ ಅದು.

ಅದೂ ಹೋಯಿತು. ತಪಾಸಣೆಯ ಪುಸ್ತಕದಲ್ಲಿ ಸಾಹೇಬರು ಹೊಗಳಲಿಲ್ಲ, ತೆಗಳಲೂ ಇಲ್ಲ. ಪರದೆಯ ಮೇಲೆ ಊರುಗಳಷ್ಟೇ ಇವೆ, ಕೆಲಸ ನಡೆಯುತ್ತಿದೆ ಎಂದಷ್ಟೇ ಬರೆದು ಸಹಿ ಹಾಕಿದರು. ನೀಲಗಂಗವ್ವ ಅದನ್ನು ಓದಿ, ಕೀಬೋರ್ಡಿನ ಕುಂಕುಮದ ಹಾಳೆಯನ್ನು ಗುಡಿಸಾಗರರ ಎದುರಿಗೇ ಸುಲಿದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ನೀತಿ: ಮೇಲಿನವರು ಕೊಟ್ಟರೆಂದು ಬೇಡದ್ದನ್ನೆಲ್ಲ ಕಣ್ಣ ಮುಂದೆ ಹರಡಿಕೊಳ್ಳಬೇಡಿ. ಕೆಲಸಕ್ಕೆ ಅಡ್ಡ ನಿಂತದ್ದನ್ನು ಮರೆಗೆ ಸರಿಸಿ. ಯಾಕೆ ಸರಿಸಿದಿರಿ ಎಂದು ಯಾರಾದರೂ ಗದರಿದರೆ ತಲೆ ತಗ್ಗಿಸದೆ, ಅದರಿಂದ ಯಾರಿಗೆ ಏನು ಉಪಯೋಗ ಎಂದು ಅವರನ್ನೇ ಕೇಳಿ.