ಆಲ್ವಿನ್ನನ ಸುತ್ತು

ಶಿಷ್ಯೆಯೊಬ್ಬಳು ಗುರುವಿನ ಮುಂದೆ ಕುಳಿತು ಕೇಳಿದಳು:

"ನೀಲಕ್ಕ ಊರು ಬಿಟ್ಟ ಮೇಲೆ ಅವರ ಪಾಠವನ್ನು ನನಗೆ ಒಪ್ಪಿಸಿದಿರಿ. ನಾನು ಬಾಯಿ ತೆರೆಯುವ ಮೊದಲೇ ಜನ ನೀಲಕ್ಕನ ಹೆಸರು ಎತ್ತುತ್ತಾರೆ. ಪಾಠ ಚೆನ್ನಾಗಿದ್ದರೆ ನೀಲಕ್ಕನ ಹಾಗೇ ಇತ್ತು ಎನ್ನುತ್ತಾರೆ. ಚೆನ್ನಾಗಿಲ್ಲದಿದ್ದರೆ ನೀಲಕ್ಕ ಇರಬೇಕಿತ್ತು ಎನ್ನುತ್ತಾರೆ. ಅವರು ನನ್ನ ಹೆಸರು ಹಿಡಿದು ಕರೆಯುವವರೆಗೆ ನಾನು ಇನ್ನೆಷ್ಟು ಕಾಯಬೇಕು?"

ಗುರು ಒಂದು ಕತೆ ಹೇಳಿದರು.

ಒಬ್ಬಳು ಗಿಟಾರ್ ವಾದಕಿ ಇದ್ದಳು. ಆಕೆಗೆ ಯಾರೂ ಕಲಿಸಲಿಲ್ಲ. ಮದುವೆ ಮನೆಗಳಲ್ಲಿ ನುಡಿಸುವವರ ಎಡಗೈ ನೋಡಿ ನೋಡಿ ಕಲಿತಳು. ಬೆರಳ ತುದಿ ಒಡೆದು, ಮತ್ತೆ ಕೂಡಿ, ಜಡ್ಡುಗಟ್ಟಿದ ಮೇಲೆ ಒಂದು ಆರ್ಕೆಸ್ಟ್ರಾ ಸೇರಿದಳು. ಆರತಕ್ಷತೆಗೆ, ಗಣೇಶನ ಪೆಂಡಾಲಿಗೆ, ಕರೆದಲ್ಲಿಗೆಲ್ಲ ಹೋಗಿ ಸಿನಿಮಾ ಹಾಡು ನುಡಿಸುವ ತಂಡ ಅದು. ಅಲ್ಲಿ ಇದ್ದದ್ದು ಒಂದೇ ನಿಯಮ. ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೆಯೇ ನುಡಿಸಬೇಕು. ಎಳ್ಳಷ್ಟು ಹೆಚ್ಚುಕಮ್ಮಿಯಾದರೂ ಮುಂದಿನ ಸಾಲಿನಲ್ಲಿ ಕೂತವರು ಲೊಚಗುಟ್ಟುತ್ತಿದ್ದರು. ಆಕೆ ನುಡಿಸುವಾಗ ಯಾರೂ ಲೊಚಗುಟ್ಟಲಿಲ್ಲ.

ಅದೇ ಊರಿನಲ್ಲಿ ಹೆಸರು ಮಾಡಿದ ರಾಕ್ ಬ್ಯಾಂಡ್ ಒಂದಿತ್ತು. ಅವರು ಯಾರ ಹಾಡನ್ನೂ ನುಡಿಸುತ್ತಿರಲಿಲ್ಲ, ತಮ್ಮದನ್ನೇ ನುಡಿಸುತ್ತಿದ್ದರು. ಅವರ ಒಂದು ಹಾಡಿನ ನಡುವೆ ಹಾಡುಗಾರ ಬಾಯಿ ಮುಚ್ಚಿ, ಗಿಟಾರ್ ಒಂದೇ ಎದ್ದು ನಿಲ್ಲುವ ಭಾಗವಿತ್ತು. ಆ ಸೋಲೋ ಕಾಲೇಜಿನ ಹುಡುಗ ಹುಡುಗಿಯರಿಗೆಲ್ಲ ಬಾಯಿಪಾಠ. ಅದನ್ನು ಕಟ್ಟಿದವನು ಆಲ್ವಿನ್ ಎಂಬವನು. ಆಲ್ವಿನ್ ಒಂದು ದಿನ ಹಡಗಿನ ಬ್ಯಾಂಡಿನಲ್ಲಿ ಕೆಲಸ ಹಿಡಿದು ಸಮುದ್ರದ ಮೇಲೆ ಹೋದ. ಜಗಳವೇನೂ ಇರಲಿಲ್ಲ. ಸಾಕು ಅನ್ನಿಸಿತು, ಹೋದ.

ಬ್ಯಾಂಡಿನ ಯಜಮಾನ ಹಾಡುಗಾರನೇ. ಅವನು ಹೊಸಬರನ್ನು ಕರೆದ. ಒಳ್ಳೊಳ್ಳೆ ಗಿಟಾರ್ ಹಿಡಿದ ಹುಡುಗರು ಬಂದರು. ಒಬ್ಬೊಬ್ಬರೂ ಆ ಸೋಲೋಗೆ ತಮ್ಮದೊಂದು ಬಾಲ ಕಟ್ಟಿದರು. ಕೊನೆಗೆ ಆಕೆ ಬಂದಳು. ಆರ್ಕೆಸ್ಟ್ರಾದವಳು ಎಂದು ಕೇಳಿ ಒಬ್ಬಿಬ್ಬರು ನಕ್ಕರು. ಆಕೆ ಇದ್ದದ್ದನ್ನು ಇದ್ದ ಹಾಗೆ ನುಡಿಸಿದಳು. ಹಾಡುಗಾರ ಕಣ್ಣು ಮುಚ್ಚಿ ಕೇಳಿದ.

"ಕಣ್ಣು ಮುಚ್ಚಿದರೆ ಥೇಟ್ ಆಲ್ವಿನ್ನೇ," ಎಂದ.

ಆ ದಿನ ಆಕೆ ಅದನ್ನು ಹೊಗಳಿಕೆಯೆಂದೇ ಮನೆಗೆ ಕೊಂಡೊಯ್ದಳು.

ಮೊದಲ ಕಾರ್ಯಕ್ರಮದಲ್ಲಿ ಆಕೆಗೆ ಒಂದು ಪದ್ಧತಿ ಗೊತ್ತಾಯಿತು. ಆ ಹಾಡಿನಲ್ಲಿ ಹಾಡುಗಾರನ ಕೊನೆಯ ಸಾಲು ಮುಗಿದ ಮೇಲೆ ಡ್ರಮ್ಸ್ ಎರಡು ಸುತ್ತು ತಿರುಗುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಸುಮ್ಮನಿರುತ್ತಾರೆ. ಎರಡನೆಯ ಸುತ್ತಿನಲ್ಲಿ ಹಾಡುಗಾರ ಕೈಯೆತ್ತಿ "ಆಲ್ವಿನ್!" ಎಂದು ಕೂಗುತ್ತಾನೆ. ಮೈದಾನವೆಲ್ಲ "ಆಲ್ವಿನ್!" ಎನ್ನುತ್ತದೆ. ಆಮೇಲೆ ಸೋಲೋ ಶುರು. ಆಲ್ವಿನ್ ಹೋಗಿದ್ದರೂ ಕೂಗು ಹೋಗಿರಲಿಲ್ಲ. ಅದು ಹಾಡಿಗೇ ಅಂಟಿಕೊಂಡಿತ್ತು. ಆಕೆ ತಂತಿಯ ಮೇಲೆ ಬೆರಳಿಟ್ಟುಕೊಂಡು ಇನ್ನೊಬ್ಬನ ಹೆಸರು ಕೂಗುವವರೆಗೂ ಕಾದಳು. ಕೂಗಿದರು. ನುಡಿಸಿದಳು.

ಆಕೆಯ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು:

"ಅಲ್ವೇ, ನಾನು ನಿನಗೊಂದು ಹೆಸರು ಇಟ್ಟಿದ್ದೆನಲ್ಲ, ಅದು ಇವರಿಗೆ ಯಾರಿಗೂ ಗೊತ್ತಿಲ್ಲವೇನೇ?"

ಆ ಮಾತು ಆಕೆಗೆ ನಾಟಿತು. ಮರುದಿನ ಹಾಡುಗಾರನ ಬಳಿ ಹೋಗಿ, ಇನ್ನು ಮೇಲೆ ತನ್ನ ಹೆಸರು ಕೂಗಬೇಕು ಎಂದಳು. ಹಾಡುಗಾರ ಕೆಟ್ಟವನಲ್ಲ. "ಜನರ ಬಾಯಿಗೆ ಕೂತ ಹೆಸರು ಅದು. ಕಿತ್ತರೆ ನೋಯುತ್ತದೆ. ನೀನು ಚೆನ್ನಾಗಿ ನುಡಿಸುತ್ತಾ ಹೋಗು, ಅದು ತಾನಾಗಿಯೇ ಬದಲಾಗುತ್ತದೆ," ಎಂದ.

ಆಕೆ ಚೆನ್ನಾಗಿ ನುಡಿಸುತ್ತಾ ಹೋದಳು. ಹಗಲೆಲ್ಲ ಸಾಧನೆ ಮಾಡಿದಳು. ಊರಿಂದ ಊರಿಗೆ ವ್ಯಾನಿನಲ್ಲಿ ಹೋಗುವಾಗಲೂ ಗಿಟಾರ್ ಮಡಿಲಲ್ಲೇ ಇರುತ್ತಿತ್ತು. ಆಕೆಯ ಕೈ ಪಳಗಿದಷ್ಟೂ ಜನರಿಗೆ ಸೋಲೋ ರುಚಿಸಿತು. ಸೋಲೋ ರುಚಿಸಿದಷ್ಟೂ ಅವರು ಆಲ್ವಿನ್ನನ ಹೆಸರನ್ನು ಇನ್ನೂ ಜೋರಾಗಿ ಕೂಗಿದರು. ಒಮ್ಮೆ ಸಿಟ್ಟಿನಲ್ಲಿ ಸೋಲೋದ ಎರಡು ಕಡೆ ತನ್ನದೇನನ್ನೋ ಸೇರಿಸಿದಳು. ಆಗಲೂ ಕೂಗಿದ್ದು ಅದೇ ಹೆಸರನ್ನು, ಬೈಯುವ ದನಿಯಲ್ಲಿ.

ಹೀಗೆ ವರ್ಷಗಳು ಕಳೆದವು. ಇನ್ನು ಇಲ್ಲಿರುವುದು ಬೇಡ, ಆರ್ಕೆಸ್ಟ್ರಾಕ್ಕೇ ವಾಪಸು ಹೋಗುತ್ತೇನೆ ಎಂದು ಆಕೆ ನಿರ್ಧರಿಸಿದಳು. ಅಲ್ಲಿ ಎಲ್ಲರೂ ನಕಲು ಮಾಡುವವರೇ, ಯಾರ ಹೆಸರನ್ನೂ ಯಾರೂ ಕೂಗುವುದಿಲ್ಲ. ಗಿಟಾರನ್ನು ಚೀಲಕ್ಕೆ ತುಂಬಿ, ಹೇಳಿ ಹೋಗೋಣವೆಂದು ಡ್ರಮ್ಸ್ ಬಾರಿಸುವವನ ಬಳಿ ಬಂದಳು. ಅವನು ಬ್ಯಾಂಡ್ ಹುಟ್ಟಿದಂದಿನಿಂದ ಇದ್ದವನು. ಅಭ್ಯಾಸದ ಕೋಣೆಯಲ್ಲಿ ಡ್ರಮ್ಮಿನ ಮೇಲೆ ಪೇಪರ್ ಹಾಸಿಕೊಂಡು ಚುರುಮುರಿ ತಿನ್ನುತ್ತಿದ್ದ.

"ಹೋಗುತ್ತಿದ್ದೇನೆ," ಎಂದಳು. "ನಾನು ಸಾಯುವವರೆಗೆ ನುಡಿಸಿದರೂ ಅವನಿಗೆ ಸಿಕ್ಕ ಮರ್ಯಾದೆ ನನಗೆ ಸಿಗುವುದಿಲ್ಲ."

"ಯಾವ ಮರ್ಯಾದೆ?"

"ಅದೇ, ಕೈಯೆತ್ತಿ ಹೆಸರು ಕೂಗುತ್ತಾರಲ್ಲ."

ಅವನಿಗೆ ಚುರುಮುರಿ ನೆತ್ತಿಗೇರುವಷ್ಟು ನಗು ಬಂತು. ನೀರು ಕುಡಿದು ಸುಧಾರಿಸಿಕೊಂಡು ಹೇಳಿದ: "ಅಯ್ಯೋ, ಅದನ್ನು ಮರ್ಯಾದೆ ಅಂದುಕೊಂಡೆಯೇನಮ್ಮ? ಅದು ಬೈಗುಳ ಕಣಮ್ಮ! ಆ ಪುಣ್ಯಾತ್ಮನಿಗೆ ಕೈ ಬಂಗಾರ, ಲೆಕ್ಕ ಮಾತ್ರ ಸೊನ್ನೆ. ಹಾಡಿನಲ್ಲಿ ಇದ್ದದ್ದು ಒಂದೇ ಸುತ್ತು. ಅದು ಮುಗಿದ ಕೂಡಲೇ ಗಿಟಾರ್ ಬರಬೇಕಿತ್ತು. ಅವನು ಕಣ್ಣು ಮುಚ್ಚಿಕೊಂಡು ಯಾವುದೋ ಲೋಕದಲ್ಲಿ ನಿಂತುಬಿಡುತ್ತಿದ್ದ. ನಾನೇನು ಮಾಡಲಿ? ಇನ್ನೊಂದು ಸುತ್ತು ಬಾರಿಸುತ್ತಿದ್ದೆ. ನಮ್ಮ ಹಾಡುಗಾರ ಗಂಟಲು ಹರಿಯುವ ಹಾಗೆ 'ಆಲ್ವಿನ್' ಅಂತ ಕಿರುಚುತ್ತಿದ್ದ, ಎದ್ದೇಳೋ ಮಾರಾಯ ಅನ್ನುವ ಹಾಗೆ. ಜನಕ್ಕೇನು ಗೊತ್ತು? ಜೈಕಾರ ಅಂದುಕೊಂಡು ತಾವೂ ಕೂಗಿದರು. ಆಮೇಲೆ ನಮಗೂ ಹಾಗೇ ಅನ್ನಿಸಿಬಿಟ್ಟಿತು."

ಆಕೆ ಚೀಲವನ್ನು ಕೆಳಗಿಟ್ಟಳು. ಇಷ್ಟು ವರ್ಷ ತಾನು ಆಸೆಪಟ್ಟದ್ದು ಏನನ್ನು? ತಪ್ಪಿ ನಿಂತವನನ್ನು ಎಬ್ಬಿಸುವ ಕೂಗನ್ನು. ಅದು ತನಗೂ ಸಿಗಲಿ ಎಂದು, ತಪ್ಪದ ಕೈಯನ್ನು ತಾನೇ ಹಿಡಿದು ನಿಲ್ಲಿಸಿಕೊಂಡಿದ್ದಳು. ಆಕೆಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹಟ ಬಂತು. ಗಿಟಾರನ್ನು ಚೀಲದಿಂದ ಹೊರಗೆ ತೆಗೆದಳು.

ಮುಂದಿನ ಕಾರ್ಯಕ್ರಮದಲ್ಲಿ ಹಾಡುಗಾರನ ಕೊನೆಯ ಸಾಲು ಮುಗಿಯಿತು. ಡ್ರಮ್ಸ್ ಒಂದು ಸುತ್ತು ತಿರುಗಿತು. ಆಕೆ ನುಡಿಸಿದಳು. ಸೋಲೋದಲ್ಲಿ ಒಂದು ಸ್ವರವನ್ನೂ ಬದಲಿಸಲಿಲ್ಲ, ಬರಬೇಕಾದಲ್ಲಿ ಬಂದಳು ಅಷ್ಟೆ. ಹಾಡುಗಾರನ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಜನ ತೆರೆದ ಬಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಸೋಲೋದ ನಡುವೆಯೇ "ಆಲ್ವಿನ್! ಆಲ್ವಿನ್!" ಎಂದು ಗಲಾಟೆ ಎಬ್ಬಿಸಿದರು. ಯಾರೋ ಕಾಗದದ ಲೋಟ ಎಸೆದರು. ಅದು ಆಕೆಯ ಕಾಲಿಗೆ ಬಡಿಯಿತು. ಆಕೆ ಕೆಳಗೆ ನೋಡಲಿಲ್ಲ.

ವೇದಿಕೆಯ ಹಿಂದೆ ಹಾಡುಗಾರ ಕೆರಳಿದ್ದ.

"ನಾನು ಕರೆಯುವ ಮೊದಲೇ ಶುರು ಮಾಡಿದೆಯಲ್ಲ, ಯಾರು ಹೇಳಿದರು ನಿನಗೆ?"

"ಹಾಡು ಹೇಳಿತು."

"ಇನ್ನೊಂದು ಸಲ ಹೀಗಾದರೆ ನಿನ್ನ ಗಿಟಾರ್ ನೀನೇ ಎತ್ತಿಕೊಂಡು ಮನೆಗೆ ಹೋಗು."

"ನನ್ನ ಗಿಟಾರನ್ನು ಇಂದಿನವರೆಗೂ ಬೇರೆ ಯಾರೂ ಎತ್ತಿಕೊಟ್ಟಿಲ್ಲ ಸ್ವಾಮಿ. ನಾನೇ ಹೊತ್ತು ತಂದೆ, ನಾನೇ ಹೊತ್ತೊಯ್ಯುತ್ತೇನೆ. ಆದರೆ ಇಲ್ಲಿರುವಷ್ಟು ದಿನ ಸರಿಯಾದ ಜಾಗಕ್ಕೇ ಬರುತ್ತೇನೆ."

ಮುಂದಿನ ಊರಿನಲ್ಲೂ ಆಕೆ ಸರಿಯಾದ ಜಾಗಕ್ಕೇ ಬಂದಳು. ಹಾಡುಗಾರ ಈ ಸಲ ಮೊದಲೇ ಕೂಗಿಬಿಡೋಣವೆಂದು ಹೊರಟು, ತನ್ನ ಕೊನೆಯ ಸಾಲನ್ನೇ ನುಂಗಿಕೊಂಡ. ಡ್ರಮ್ಸಿನವನು ಮುಖ ತಗ್ಗಿಸಿ ನಕ್ಕ. ಜನರ ಗಲಾಟೆ ಹಿಂದಿನಷ್ಟೇ ಇತ್ತು. ಕಾರ್ಯಕ್ರಮ ನಡೆಸಿದವರು, ಆಲ್ವಿನ್ ಹೆಸರಿಲ್ಲದಿದ್ದರೆ ಮುಂದಿನ ವರ್ಷ ನಿಮ್ಮನ್ನು ಕರೆಯುವುದಿಲ್ಲ ಎಂದರು.

ಅದರ ಮುಂದಿನ ಊರಿಗೆ ಹಾಡುಗಾರ ಬೇರೊಬ್ಬ ಗಿಟಾರಿನವನನ್ನು ಕರೆತಂದ. ಅವನನ್ನು ವೇದಿಕೆಯ ಬದಿಯಲ್ಲಿ, ಆಕೆಗೆ ಕಾಣುವ ಹಾಗೆಯೇ ನಿಲ್ಲಿಸಿದ. ಅವನ ಹೆಗಲ ಮೇಲೆ ಗಿಟಾರ್ ಇತ್ತು. ಆಕೆ ಅವನನ್ನು ನೋಡಿದಳು. ಇವತ್ತು ಕಾಯದಿದ್ದರೆ ನಾಳೆ ತಾನು ಇಲ್ಲಿರುವುದಿಲ್ಲ ಎಂದು ಆಕೆಗೆ ತಿಳಿದಿತ್ತು. ಇಷ್ಟು ವರ್ಷದ ದುಡಿಮೆ, ವ್ಯಾನಿನ ಪ್ರಯಾಣ, ಜಡ್ಡುಗಟ್ಟಿದ ಬೆರಳು, ಎಲ್ಲವೂ ಆ ಒಂದು ಸುತ್ತಿನ ಮೇಲೆ ನಿಂತಿದ್ದವು.

ಕೊನೆಯ ಸಾಲು ಬಂತು. ಹಾಡುಗಾರ ಈ ಸಲ ಅದನ್ನು ನುಂಗಲಿಲ್ಲ. ಇವಳು ಏನು ಮಾಡುತ್ತಾಳೋ ನೋಡಿಯೇಬಿಡೋಣ ಎಂಬ ಸಿಟ್ಟಿನಲ್ಲಿ ಉಸಿರು ಇರುವವರೆಗೂ, ಡ್ರಮ್ಸಿನ ಸುತ್ತಿನ ಮೇಲೂ ಎಳೆದು ಹಾಡಿದ. ಸುತ್ತು ತಿರುಗಿತು. ಆಕೆ ಬಂದಳು. ಅವನ ದನಿ ಬಿಟ್ಟಲ್ಲಿಂದ ಅವಳ ತಂತಿ ಎತ್ತಿಕೊಂಡಿತು. ನಡುವೆ ಕೂದಲು ಹೋಗುವಷ್ಟೂ ಬಿರುಕು ಇರಲಿಲ್ಲ. ಹಾಡುಗಾರ ಕೂಗಲು ತೆರೆದ ಬಾಯನ್ನು ಮುಚ್ಚಿ ನಿಂತುಬಿಟ್ಟ. ಆ ಹಾಡನ್ನು ಬರೆದವನು ಅವನು. ಬರೆದ ದಿನ ಮನಸ್ಸಿನಲ್ಲಿ ಅದು ಹೀಗೆಯೇ ಕೇಳಿಸಿತ್ತು. ಆಮೇಲೆ ಒಮ್ಮೆಯೂ ಹೀಗೆ ಕೇಳಿಸಿರಲಿಲ್ಲ. ಜನ ಅಲ್ಲಲ್ಲಿ ಕೂಗಿದರು. ಹಾಡುಗಾರ ಕೈಯೆತ್ತಿ ಅವರನ್ನು ಸುಮ್ಮನಿರಿಸಿದ.

ಬದಿಯಲ್ಲಿ ನಿಂತವನಿಗೆ ಊಟ ಹಾಕಿಸಿ ಬಸ್ಸು ಹತ್ತಿಸಿದರು. ಮರುದಿನ ಹಾಡುಗಾರ ಡ್ರಮ್ಸಿನವನನ್ನು ಮೆಲ್ಲಗೆ ಕೇಳಿದ: "ನಮ್ಮ ಬೇರೆ ಹಾಡುಗಳಲ್ಲೂ ಇಂಥ ಹೆಚ್ಚುವರಿ ಸುತ್ತು ಎಲ್ಲಾದರೂ ಇದೆಯೇನಪ್ಪಾ?"

ಆಕೆ ಕೂದಲು ನೆರೆಯುವವರೆಗೂ ಆ ಬ್ಯಾಂಡಿನಲ್ಲಿ ನುಡಿಸಿದಳು. ಹೊಸ ಹಾಡುಗಳು ಬಂದವು. ಅವುಗಳ ಸೋಲೋಗಳನ್ನು ಆಕೆಯೇ ಕಟ್ಟಿದಳು. ಹಳೆಯ ಹಾಡಿನಲ್ಲಿ ಆಲ್ವಿನ್ ಕಟ್ಟಿದ್ದನ್ನು ಅವನು ಕಟ್ಟಿದ ಹಾಗೆಯೇ ನುಡಿಸಿದಳು, ಅವನು ಒಮ್ಮೆಯೂ ಬಾರದ ಜಾಗಕ್ಕೆ ಬಂದು.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ.

"ಹಾಗಾದರೆ ಕೊನೆಗಾದರೂ ಜನ ಆಕೆಯ ಹೆಸರು ಹಿಡಿದು ಕೂಗಿದರೇ?"

ಗುರು ಹೇಳಿದರು: "ಕೂಗಿದ್ದರೂ ಕೂಗಿರಬಹುದು, ಆಕೆ ಆಗಲೇ ನುಡಿಸುತ್ತಿದ್ದಳು."